ಹತ್ತು ನಿಮಿಷದ ಸಮುದ್ರ

ನಮ್ಮವರು ಮೂವತ್ತೊಂದು ವರ್ಷ ದಿನಾ ಸಮುದ್ರದ ತನಕ ಹೋಗಿ ಬಂದರು, ಒಂದು ದಿನವೂ ಕಾಲು ನೆನೆಸಲಿಲ್ಲ. ಬಸ್ ಡ್ರೈವರ್ ಅವರು. ದಂಡೆಯ ಬಸ್ ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲುತ್ತಿದ್ದದ್ದು ಹತ್ತೇ ನಿಮಿಷ. ಇಳಿಯುವುದು, ನಿಂತಲ್ಲೇ ಟೀ ಕುಡಿಯುವುದು, ಟೈರಿಗೆ ಒಂದು ಒದೆ ಕೊಟ್ಟು ನೋಡುವುದು, ವಾಚು ನೋಡಿ ಮತ್ತೆ ಹತ್ತುವುದು. ಶೆಡ್ಡಿನ ಹಿಂದೆಯೇ ಅಲೆಗಳು ಬಡಿಯುತ್ತಿದ್ದರೂ ನಾಳೆ ನೋಡಿದರಾಯಿತು ಎಂದುಕೊಂಡೇ ಸರ್ವೀಸು ಮುಗಿಸಿದ ಮಹಾನುಭಾವರು.

ಈಗ ಅವರ ಕಣ್ಣಿನ ಒತ್ತಡ ಹೆಚ್ಚಾಗಿ, ನೋಟ ಅಂಚಿನಿಂದ ಒಳಕ್ಕೆ ಕುಗ್ಗುತ್ತಿದೆ. ಹೋದದ್ದು ಬರುವುದಿಲ್ಲ, ಉಳಿದದ್ದು ಎಷ್ಟು ದಿನವೋ ಹೇಳಲಾಗದು ಎಂದರು ಕಣ್ಣಿನ ಡಾಕ್ಟರು. ಆಸ್ಪತ್ರೆಯ ಮೆಟ್ಟಿಲಿಳಿಯುತ್ತ ಇವರು ಆಡಿದ್ದು ಒಂದೇ ಮಾತು.

"ಸಮುದ್ರ ಒಂದ್ಸಲ ಸರಿಯಾಗಿ ನೋಡ್ಬೇಕಿತ್ತು ಕಣೇ."

ಅಂದೇ ಫೋನು ಹಿಡಿದು ರೂಮು ಹುಡುಕಲು ಕೂತೆ. ಬಸ್ ಸ್ಟ್ಯಾಂಡಿನ ಟೀ ಅಂಗಡಿ ಅಕ್ಕನ ಹತ್ತಿರ ಎರಡು ರೂಮುಗಳಿವೆ, ಅಲ್ಲೇ ಇರೋಣ ಎಂದರು ಇವರು. ಡೀಸೆಲ್ ವಾಸನೆ ಕುಡಿಯುತ್ತ ಮಲಗುವುದಕ್ಕೆ ಅಷ್ಟು ದೂರ ಯಾಕೆ, ಇಲ್ಲಿನ ಡಿಪೋ ಸಾಲದೇ ಎಂದು ಬಾಯಿ ಮುಚ್ಚಿಸಿದೆ. ನನಗೆ ಕಿಟಕಿ ಬೇಕಿತ್ತು. ಕಿಟಕಿ ತುಂಬ ಸಮುದ್ರ ಬೇಕಿತ್ತು.

ಬುಕಿಂಗ್ ಸೈಟಿನ ಒಂದು ಫೋಟೋದಲ್ಲಿ ಅಂಥ ಕಿಟಕಿ ಸಿಕ್ಕಿಯೂ ಸಿಕ್ಕಿತು. ಬಿಳಿ ಗೋಡೆ, ಮರದ ಮಂಚ, ಒಂದು ಬೆತ್ತದ ಕುರ್ಚಿ, ಅರ್ಧ ಸರಿಸಿದ ಬೂದುನೀಲಿ ಪರದೆ, ಅದರಾಚೆ ನೀರೋ ನೀರು.

ನಾನು ಕಿಟಕಿ ಪರದೆ ಹೊಲಿಯುವವಳು. ಯಾರ ಮನೆಗೆ ಹೋದರೂ ಮೊದಲು ಪರದೆಯ ಕೆಳ ಅಂಚು ನೋಡುತ್ತೇನೆ, ಮನೆಯವರ ಮುಖ ಆಮೇಲೆ. ಗಾಳಿಗೆ ಹಾರದಿರಲಿ ಎಂದು ನಾನು ಅಂಚಿನ ಮೂಲೆಯೊಳಗೆ ಚೂರು ಕಬ್ಬಿಣ ಇಟ್ಟು, ಮೇಲೆ ಕೆಂಪು ದಾರದಲ್ಲಿ ಮೂರು ಹೊಲಿಗೆ ಹಾಕುತ್ತೇನೆ. ಕೈಹೊಲಿಗೆ, ಬೇರೆ ಯಾರೂ ಹಾಕುವುದಿಲ್ಲ. ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿದೆ. ಮೂರು ಕೆಂಪು ಚುಕ್ಕಿ!

"ರೀ, ನನ್ನ ಪರದೆ ನನಗಿಂತ ಮುಂಚೆ ಸಮುದ್ರ ಸೇರಿದೆ!" ಎಂದು ಕೂಗಿದೆ. ಹಿಂದೊಂದು ವರ್ಷ ಅದೇ ಬೂದುನೀಲಿ ಬಟ್ಟೆಯಲ್ಲಿ ಅಂಗಡಿಯೊಂದಕ್ಕೆ ರಾಶಿ ರಾಶಿ ಹೊಲಿದು ಕೊಟ್ಟಿದ್ದೆ. ಅದರಲ್ಲೊಂದು ಅಲ್ಲಿಗೆ ಹೋಗಿರಬೇಕು. ನನ್ನ ಹೊಲಿಗೆ ಇರುವ ಮನೆ ನನಗೆ ಮೋಸ ಮಾಡೀತೇ? ಹಾಗೆಂದೇ ನಂಬಿದೆ.

ಆಮೇಲೆ ಹದಿನೈದು ದಿನ ನಾನು ಆ ರೂಮಿನಲ್ಲೇ ಇದ್ದೆ ಎನ್ನಬೇಕು. ಮಧ್ಯಾಹ್ನ ಮಿಷನ್ನಿನ ಮೇಲೆ ತಲೆಯಿಟ್ಟರೆ ಸಾಕು, ಕಾಲಿಗೆ ಆ ನೆಲದ ತಂಪು ತಾಗುತ್ತಿತ್ತು. ಮಂಚದಿಂದ ಕುರ್ಚಿಗೆ ನಾಲ್ಕು ಹೆಜ್ಜೆ, ಕುರ್ಚಿಯಿಂದ ಕಿಟಕಿಗೆ ಎರಡು. ಇವರು ಕುರ್ಚಿಯಲ್ಲಿ ಕೂತಿರುತ್ತಿದ್ದರು, ಪರದೆ ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು. ನಾನು ಕಿಟಕಿಯ ಹತ್ತಿರ ಹೋದಂತೆಲ್ಲ ನೀರು ಮಾತ್ರ ಇದ್ದಲ್ಲೇ ಇರುತ್ತಿತ್ತು, ಸದ್ದೇ ಮಾಡುತ್ತಿರಲಿಲ್ಲ. ಎಚ್ಚರವಾದಾಗ ಕೆನ್ನೆಯ ಮೇಲೆ ದಾರದ ಗುರುತು.

ರೂಮಿನವನು ಬಹಳ ನಯವಾಗಿ ಬರೆಯುತ್ತಿದ್ದ, ಮಾತುಮಾತಿಗೆ ಅಮ್ಮಾ ಅಮ್ಮಾ. ಬುಕಿಂಗ್ ಸೈಟಿನಲ್ಲಿ ಬೇಡ ಅಮ್ಮಾ, ಅವರು ಸುಮ್ಮನೆ ಕಮಿಷನ್ ತಿನ್ನುತ್ತಾರೆ, ನನ್ನ ಖಾತೆಗೇ ಹಾಕಿಬಿಡಿ ಎಂದ. ಮೂರು ದಿನದ ಬಾಡಿಗೆ ಪೂರ್ತಿ ಮೊದಲೇ ಕೊಡಬೇಕಂತೆ. ಫೋನು ಮಾಡಿದರೆ ಎತ್ತುವುದಿಲ್ಲ, ದಂಡೆಯಲ್ಲಿ ಸಿಗ್ನಲ್ ಇಲ್ಲ ಎಂದು ಆ ಕ್ಷಣವೇ ಬರೆದು ಕಳಿಸುತ್ತಾನೆ.

"ಬರೆಯೋಕೆ ಸಿಗುವ ಸಿಗ್ನಲ್ಲು ಮಾತಾಡೋಕೆ ಯಾಕೆ ಸಿಗಲ್ಲ?" ಎಂದರು ನಮ್ಮವರು.

"ನಿಮಗೆ ಎಲ್ಲದರಲ್ಲೂ ಅನುಮಾನ! ನನ್ನ ಹೊಲಿಗೆ ಅಲ್ಲಿ ನೇತಾಡ್ತಿದೆ, ಅದಕ್ಕಿಂತ ಸಾಕ್ಷಿ ಬೇಕಾ?"

ಇವರು ಎದ್ದು ಟೀ ಇಡಲು ಹೋದರು. ಡ್ರೈವರುಗಳಿಗೆ ಬ್ರೇಕು ಯಾವಾಗ ಹಾಕಬೇಕು ಅಂತ ಗೊತ್ತಿರುತ್ತದೆ.

ಒಂದು ಮಧ್ಯಾಹ್ನ ಮೆಸೇಜು ಬಂತು. ಬೇರೆ ಪಾರ್ಟಿ ಕೇಳುತ್ತಿದ್ದಾರೆ, ನಾಲ್ಕು ಗಂಟೆಯೊಳಗೆ ಹಣ ಬರದಿದ್ದರೆ ರೂಮು ಅವರಿಗೆ. ಆಗ ಎರಡೂವರೆ. ಪ್ರಯಾಣಕ್ಕೆಂದು ಕೂಡಿಟ್ಟದ್ದಷ್ಟೂ ಆ ಬಾಡಿಗೆಗೇ ಸರಿಹೋಗುತ್ತಿತ್ತು. ಆ ದುಡ್ಡು ಕೈಬಿಟ್ಟರೆ ಮತ್ತೆ ಕೂಡಿಸುವಷ್ಟು ಕಾಲ ಇವರ ಕಣ್ಣಿಗಿರಲಿಲ್ಲ. ರೂಮು ಕೈಬಿಟ್ಟರೂ ಹಾಗೇ ಎಂದು ನನಗೆ ಆಗ ಅನ್ನಿಸಿತು. ಹಣ ಕಳಿಸಲು ಅವನ ಖಾತೆಯ ನಂಬರು ಒತ್ತಲು ಹೊರಟೆ.

"ತಡಿ," ಎಂದರು ಇವರು. "ನಂಗಂತೂ ಆ ಫೋಟೋ ಸರಿಯಾಗಿ ಕಾಣ್ಸಲ್ಲ. ದುಡ್ಡು ಹಾಕೋ ಮುಂಚೆ ಒಂದ್ಸಲ ಪೂರ್ತಿ ಹೇಳು. ಮೂಲೆ ಮೂಲೆನೂ."

ನನಗೆ ರೇಗಿತು. ಆದರೂ ಅವರು ಕಣ್ಣು ಮುಚ್ಚಿ ಕೂತದ್ದು ನೋಡಿ ಹೇಳತೊಡಗಿದೆ. ನೆಲ, ಮಂಚ, ಕುರ್ಚಿ, ಅಂಚು, ಮೂರು ಹೊಲಿಗೆ.

"ಮೇಲೆ?"

"ಮೇಲೇನಿರತ್ತೆ? ಕಂಬಿ, ಉಂಗುರ, ನೆರಿಗೆ..."

ಅಲ್ಲಿಗೆ ನನ್ನ ನಾಲಿಗೆ ನಿಂತಿತು. ಕಸುಬಿನವಳು ನಾನು, ಹದಿನೈದು ದಿನ ಅಂಚು ನೋಡುವುದರಲ್ಲೇ ಮೈಮರೆತಿದ್ದೆ. ಪರದೆಯ ಮೇಲಿನ ಎಡಮೂಲೆಯಲ್ಲಿ ಅಂಗೈಯಗಲದ ಜೋಡು ತುಂಡು ಇತ್ತು, ಬಣ್ಣ ಒಂದು ಎಳೆ ಗಾಢ. ಬಟ್ಟೆ ಸಾಲದೆ ಬಂದು ನಾನು ಹಾಗೆ ತುಂಡು ಸೇರಿಸಿದ್ದು ಜನ್ಮದಲ್ಲಿ ಒಂದೇ ಸಲ. ಅದೂ ಅಂಗಡಿಯ ಪರದೆಗಲ್ಲ. ಇದೇ ಊರಿನ ಹಲ್ಲಿನ ಡಾಕ್ಟರಮ್ಮನ ಮಹಡಿಗೆ, ಆಕೆ ಕಳಿಸಿದ ಅಳತೆಗೆ, ರೂಮು ನೋಡದೆಯೇ ಹೊಲಿದದ್ದು. ಅಷ್ಟು ಮೇಲೆ ಯಾರು ನೋಡ್ತಾರೆ ಬಿಡಮ್ಮ ಎಂದು ಆಕೆ ನಕ್ಕಿದ್ದರು.

"ರೀ, ಚಪ್ಪಲಿ ಹಾಕ್ಕೊಳ್ಳಿ," ಎಂದೆ.

ಮೂರು ಬೀದಿ ದಾಟಬೇಕು. ಬಿಸಿಲಿಗೆ ಬೀದಿಯೆಲ್ಲ ತೂಕಡಿಸುತ್ತಿತ್ತು. ಇವರು ನನ್ನ ಭುಜ ಹಿಡಿದು ನಡೆದರು.

ಡಾಕ್ಟರಮ್ಮ ಕೈಗವಸು ಕಳಚುತ್ತ ಹೊರಗೆ ಬಂದು ಫೋಟೋ ನೋಡಿದರು. "ಅಯ್ಯೋ, ನಮ್ಮ ಮನೆ ಹಿಂದೆ ಸಮುದ್ರ ಯಾವಾಗ ಬಂತು?" ಎಂದು ನಕ್ಕವರು, ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಮಹಡಿ ಬಾಡಿಗೆಗೆ ಕೊಡಲೆಂದು ಹಿಂದೆ ಫೋಟೋ ಹಾಕಿದ್ದರಂತೆ. ಅದನ್ನೇ ಯಾವನೋ ಎತ್ತಿಕೊಂಡು ಕಿಟಕಿಯೊಳಗೆ ಸಮುದ್ರ ಅಂಟಿಸಿದ್ದ.

ಮಹಡಿ ಹತ್ತಿದೆವು. ಬಾಗಿಲು ತೆರೆದಾಗ ನನಗೆ ಮೈ ಜುಂ ಎಂದಿತು. ಅದೇ ತಂಪು ನೆಲ. ಮಂಚದಿಂದ ಕುರ್ಚಿಗೆ ನಾಲ್ಕು ಹೆಜ್ಜೆ, ಕುರ್ಚಿಯಿಂದ ಕಿಟಕಿಗೆ ಎರಡು. ಇವರು ನನ್ನ ಕನಸಿನಲ್ಲಿ ಕೂತ ಹಾಗೆಯೇ ಆ ಕುರ್ಚಿಯಲ್ಲಿ ಕೂತರು. ಪರದೆ ಮೆಲ್ಲಗೆ ಉಬ್ಬಿ ಇಳಿಯಿತು. ಒಂದು ಗಳಿಗೆ, ಸುಳ್ಳು ಯಾಕೆ ಹೇಳಲಿ, ಸರಿಸಿದರೆ ನೀರು ಕಾಣಬಹುದೇನೋ ಎಂದು ಆಸೆಪಟ್ಟೆ. ಸರಿಸಿದೆ. ಪಕ್ಕದ ಮನೆಯ ನೀರಿನ ಟ್ಯಾಂಕು, ಒಣಹಾಕಿದ ಎರಡು ಬನಿಯನ್ನು.

ನಾನು ಅತ್ತುಬಿಟ್ಟೆ. ಹಣ ಹೋಗಿರಲಿಲ್ಲ, ಆದರೂ ಹದಿನೈದು ದಿನ ಬಾಳಿದ ಮನೆ ಹೋಗಿತ್ತು.

ಇವರು ಪರದೆಯ ಅಂಚು ತಡವಿ, ಒಳಗಿನ ಕಬ್ಬಿಣದ ಚೂರನ್ನು ಬೆರಳಲ್ಲಿ ಹಿಡಿದರು. "ಕೆಲಸ ಮಾತ್ರ ಗಟ್ಟಿ ಕಣೇ," ಎಂದರು.

ಕಣ್ಣೊರೆಸಿಕೊಂಡು ಅಲ್ಲಿಂದಲೇ ಅವನಿಗೆ ಬರೆದೆ: ಅಪ್ಪಾ, ಒಂದೇ ನಿಮಿಷ ವಿಡಿಯೋ ಕಾಲ್ ಮಾಡಿ ನಿನ್ನ ಕಿಟಕಿ ತೋರಿಸು, ಪರದೆಯ ಯಾವ ಮೂಲೆಯಲ್ಲಿ ಜೋಡು ತುಂಡಿದೆ ಹೇಳು. ಅಮ್ಮಾ ಅಮ್ಮಾ ಎನ್ನುತ್ತಿದ್ದವನು ಕ್ಷಣದಲ್ಲಿ ನನ್ನ ನಂಬರನ್ನೇ ಬ್ಲಾಕ್ ಮಾಡಿದ. ಡಾಕ್ಟರಮ್ಮ ಬುಕಿಂಗ್ ಸೈಟಿಗೂ ಪೊಲೀಸರಿಗೂ ದೂರು ಬರೆಯಲು ಕೂತರು.

ಬೀದಿಗಿಳಿದ ಮೇಲೆ ನಾನೇ ಕೇಳಿದೆ, ಟೀ ಅಂಗಡಿ ಅಕ್ಕನ ನಂಬರು ಇದೆಯಾ ಎಂದು. ಇವರಿಗೆ ಬಾಯಿಪಾಠ. ಮೊದಲ ರಿಂಗಿಗೇ ಎತ್ತಿದಳು.

"ಡ್ರೈವರಣ್ಣಾ! ಬದುಕಿದ್ದೀಯಾ? ಬಾ, ರೂಮು ಖಾಲಿ ಇದೆ. ದುಡ್ಡು ಬಂದ್ಮೇಲೆ ಕೊಡು."

"ಅಕ್ಕಾ, ಫೋನು ಸ್ವಲ್ಪ ಶೆಡ್ಡಿನ ಹಿಂದೆ ಹಿಡೀರಿ," ಎಂದೆ ನಾನು. ಒಮ್ಮೆ ಬಾಯಿ ಸುಟ್ಟುಕೊಂಡವಳು ನಾನು.

ಅವಳು ನಗುತ್ತ ನಡೆದಳು. ಮೊದಲು ಬಸ್ಸಿನ ಹಾರನ್ನು, ಆಮೇಲೆ ಗಾಳಿ, ಆಮೇಲೆ ಅಲೆ ಬಂತು. ನಡುಬೀದಿಯಲ್ಲಿ ನಿಂತು ನಾವಿಬ್ಬರೂ ಒಂದೇ ಫೋನಿಗೆ ಕಿವಿಯಿಟ್ಟೆವು. ನನ್ನ ಕನಸಿನಲ್ಲಿ ಇಲ್ಲದಿದ್ದದ್ದು ಆ ಸದ್ದೇ.

ಮುಂದಿನ ವಾರ ಇವರದೇ ಹಳೆಯ ರೂಟಿನ ಬಸ್ಸಿನಲ್ಲಿ ಹೋದೆವು. ರೂಮಿಗೆ ಡೀಸೆಲ್ ವಾಸನೆ ಇತ್ತು, ಕಿಟಕಿಗೆ ಶೆಡ್ಡಿನ ಗೋಡೆ ಇತ್ತು. ಚೀಲ ಇಟ್ಟವರೇ ಶೆಡ್ಡಿನ ಹಿಂದಕ್ಕೆ ನಡೆದೆವು. ಇವರು ಪ್ಯಾಂಟು ಮಡಚಿ ನೀರಿಗಿಳಿದರು. ಎದುರಿಗೆ ಉಳಿದಿರುವಷ್ಟು ನೋಟದೊಳಗೆ ಎಷ್ಟು ಹಿಡಿಯುತ್ತದೋ ಅಷ್ಟನ್ನೂ ಹಿಡಿಯುವಂತೆ, ತಲೆಯನ್ನು ಮೆಲ್ಲಗೆ ಈ ಕಡೆಯಿಂದ ಆ ಕಡೆಗೆ ತಿರುಗಿಸುತ್ತ ನಿಂತರು.

ಸ್ವಲ್ಪ ಹೊತ್ತಿಗೆ ಇವರ ಎಡಗೈ ತಾನೇ ಮೇಲೆದ್ದಿತು. ವಾಚನ್ನು ಕಣ್ಣಿಗೆ ಹತ್ತಿರ ತಂದು ನೋಡಿದರು.

"ಹತ್ತು ನಿಮಿಷ ಆಯ್ತು," ಎಂದು ದಡದ ಕಡೆ ತಿರುಗಿದರು.

ನಾನು ಅವರ ಮಣಿಕಟ್ಟು ಹಿಡಿದು ವಾಚು ಬಿಚ್ಚಿದೆ, ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

"ಇವತ್ತು ನೀವು ಪ್ಯಾಸೆಂಜರ್ ಕಣ್ರೀ. ತಿರುಗಿ ಆ ಕಡೆ."