ಉಪ್ಪು ಬಿಡಿಸದ ಮಾಂಸ

ಆ ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟು ವರ್ಷದ ಮೇಲಾಗಿತ್ತು. ಹಾಗೆಂದು ಮನೆಯೇನೂ ಸುಮ್ಮನಿರಲಿಲ್ಲ. ಬಾಗಿಲು ಮಾತಾಡುತ್ತಿತ್ತು, ಪಾತ್ರೆ ಮಾತಾಡುತ್ತಿತ್ತು, ಅತ್ತೆಯ ಕೋಣೆಯಿಂದ ಬರುವ ಕೆಮ್ಮು ಕೂಡ ಬೈಗುಳದ ಹಾಗೆಯೇ ಕೇಳಿಸುತ್ತಿತ್ತು. ಬಾಯಿಬಿಟ್ಟು ಹೇಳಲೇಬೇಕಾದದ್ದನ್ನು ಮಾತ್ರ ಇಬ್ಬರೂ ಗಿಲಕಿಯ ಕೈಲಿ ಹೇಳಿ ಕಳಿಸುತ್ತಿದ್ದರು.

ಗಿಲಕಿ ಎಂದರೆ ಸೊಸೆಯ ಮಗಳು. ಎರಡನೇ ತರಗತಿ. ಎದ್ದಾಗಿನಿಂದ ಮಲಗುವವರೆಗೆ ಗಲಗಲ ಎನ್ನುತ್ತಿದ್ದವಳೆಂದು ಅಪ್ಪ ಇಟ್ಟ ಹೆಸರು. ಆ ಅಪ್ಪನಿಗೆ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ. ವರ್ಷದ ಹೆಚ್ಚು ಭಾಗ ನೀರಿನ ಮೇಲೆಯೇ. ಮನೆಯಲ್ಲಿ ಉಳಿದವರು ಮೂವರು. ಉದ್ದನೆಯ ಓಣಿಯಂಥ ನಡುಹಾದಿಯ ಒಂದು ತುದಿಗೆ ಅಡುಗೆಮನೆ, ಇನ್ನೊಂದು ತುದಿಗೆ ಅತ್ತೆಯ ಕೋಣೆ. ಇವೆರಡರ ನಡುವೆ ಆ ಪುಟ್ಟ ಕಾಲುಗಳು ದಿನವಿಡೀ ಓಡಾಡುತ್ತಿದ್ದವು.

ಜಗಳ ಹುಟ್ಟಿದ್ದು ಒಂದು ಕುರ್ಚಿಯಿಂದ. ತೀರಿಕೊಂಡ ಮಾವ ಕೂರುತ್ತಿದ್ದ ಮರದ ಕುರ್ಚಿ. ಅದಕ್ಕೆ ತಿಗಣೆ ಹತ್ತಿ ಮಗುವಿನ ಬೆನ್ನೆಲ್ಲ ದದ್ದೆದ್ದಿತು. ಅತ್ತೆ ಕಣ್ಣಾಸ್ಪತ್ರೆಗೆ ಹೋಗಿದ್ದ ಹೊತ್ತು ನೋಡಿ ಸೊಸೆ ಅದನ್ನು ಗುಜರಿಯವನ ಗಾಡಿಗೆ ಹಾಕಿಸಿಬಿಟ್ಟಳು. ಅತ್ತೆ ಬಂದು ಖಾಲಿ ಮೂಲೆ ನೋಡಿದರು. “ಸತ್ತವರನ್ನ ಇನ್ನೊಂದು ಸಲ ಮನೆಯಿಂದ ಹೊರಗೆ ಹಾಕಿದೆಯಲ್ಲೇ! ಇನ್ನು ನನ್ನ ಬಾಯಿಂದ ನಿನಗೆ ಒಂದು ಮಾತೂ ಸಿಗಲ್ಲ” ಎಂದರು. ಸೊಸೆಗೂ ಪಿತ್ತ ನೆತ್ತಿಗೇರಿತ್ತು. “ಸದ್ಯ, ಕಿವಿಗೆ ಸ್ವಲ್ಪ ವಿಶ್ರಾಂತಿ” ಎಂದಳು. ನೇರ ಮಾತು ಅಲ್ಲಿಗೆ ನಿಂತಿತು. ಮಾರನೇ ದಿನ ಗಿಲಕಿ ಬಂದು, “ಅಮ್ಮ, ಮೂಲೆ ಈಗ ದೊಡ್ಡದಾಗಿ ಕಾಣುತ್ತೆ ಅಂತ ಅಜ್ಜಿ ಹೇಳಿದ್ರು” ಎಂದಾಗ, ಮುದುಕಿಯ ಕುಹಕ ನೋಡು ಎಂದು ಸೊಸೆ ಹಲ್ಲು ಕಡಿದಿದ್ದಳು.

ಈಗೀಗ ಗಿಲಕಿಗೆ ಊಟ ಸೇರುತ್ತಿರಲಿಲ್ಲ. ತಟ್ಟೆಯ ಮುಂದೆ ಕೂತವಳು ಹೊಟ್ಟೆಯ ಮೇಲೆ ಕೈಯಿಟ್ಟು “ಸಾಕು” ಎನ್ನುತ್ತಿದ್ದಳು. ಶಾಲೆಯ ಲಂಗದ ಸೊಂಟವನ್ನು ಸೊಸೆ ಎರಡು ಬಾರಿ ಹಿಡಿದು ಹೊಲಿದಿದ್ದಳು. ಅವಳು ಮನೆಯಲ್ಲೇ ಕೂತು ಅಂಗಡಿಯೊಂದಕ್ಕೆ ಸಮವಸ್ತ್ರ ಹೊಲಿಯುವವಳು. ಯಾರ ಮೈ ಎಷ್ಟು ಇಳಿದಿದೆ ಎಂದು ಅವಳಿಗೆ ತಕ್ಕಡಿ ಹೇಳಬೇಕಾಗಿರಲಿಲ್ಲ. ಡಾಕ್ಟರು ಹೊಟ್ಟೆ ಒತ್ತಿ, ನಾಲಿಗೆ ನೋಡಿ, ರೋಗವೇನೂ ಇಲ್ಲ ಎಂದರು. “ಇಷ್ಟವಾದದ್ದು ಏನಾದರೂ ಮಾಡಿಕೊಡಿ. ಹೀಗೇ ಇಳೀತಾ ಹೋದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತೆ.”

ದಾರಿಯಲ್ಲಿ ಕೇಳಿದ್ದಕ್ಕೆ ಗಿಲಕಿ ಬಹಳ ಯೋಚನೆ ಮಾಡಿ ಹೇಳಿದಳು: “ಅಪ್ಪ ಮಾಡೋ ಸೂಪು. ಕಾಳು, ಹ್ಯಾಮು ಹಾಕಿದ್ದು.”

ಸೊಸೆ ಅದನ್ನು ಒಮ್ಮೆಯೂ ಮಾಡಿದವಳಲ್ಲ. ಗಂಡ ರಜೆಗೆ ಬಂದಾಗ ಅವನೇ ಒಲೆ ಹಿಡಿಯುತ್ತಿದ್ದ. ಅವನಿಗೆ ಕಲಿಸಿದ್ದು ಅವನಮ್ಮ. ಆ ಅಮ್ಮ ನಡುಹಾದಿಯ ಆಚೆ ತುದಿಯಲ್ಲೇ ಇದ್ದರು. ಆದರೆ ಅಲ್ಲಿಗೆ ಹೋಗಿ ಕೇಳುವುದಕ್ಕಿಂತ ಹಡಗು ಹತ್ತಿ ಗಂಡನನ್ನೇ ಹುಡುಕಿಕೊಂಡು ಹೋಗುವುದು ಸೊಸೆಗೆ ಸುಲಭವಿತ್ತು.

ರಾತ್ರಿಯೇ ಬಿಳಿ ಬೀನ್ಸ್ ಕಾಳು ನೆನೆಹಾಕಿದಳು. ಬೆಳಿಗ್ಗೆ ಮಾಂಸದಂಗಡಿಯಿಂದ ಮೂಳೆಯಿದ್ದ ದೊಡ್ಡ ಹ್ಯಾಮಿನ ತುಂಡು ತಂದಳು. ಹಂದಿಯ ತೊಡೆ, ಉಪ್ಪು ತಿಕ್ಕಿ ಹೊಗೆಯಲ್ಲಿ ತೂಗುಹಾಕಿ ಒಣಗಿಸಿದ್ದು. ಮರದ ಕೊರಡಿನಂತೆ ಗಟ್ಟಿಯಾಗಿತ್ತು. ಮೇಜಿನ ಮೇಲೆ ಇಟ್ಟಿದ್ದೇ ತಡ, ನೀರು ತೆಗೆದುಕೊಳ್ಳುವ ನೆಪದಲ್ಲಿ ಅತ್ತೆ ಬಂದು, ತುಂಡನ್ನು ಮೂಸಿ, ಮೂಗು ಮುರಿದು ಹೋದರು. ಸ್ವಲ್ಪ ಹೊತ್ತಿಗೆ ಗಿಲಕಿ ಬಂದಳು.

“ಅಮ್ಮ, ಮಾಂಸ ತುಂಬಾ ಚೆನ್ನಾಗಿದೆಯಂತೆ.”

“ಹೌದೇನು? ಅವರ ಸರ್ಟಿಫಿಕೇಟಿಗೇ ಕಾಯ್ತಾ ಇದ್ದೆ ಅಂತ ಹೇಳು.”

ಗಿಲಕಿ ಹೊರಟಳು. ನಡುಹಾದಿಯ ಅರ್ಧಕ್ಕೆ ಹೋಗಿ ನಿಂತಳು. ಗೋಡೆಗೆ ಅಂಗೈ ಊರಿ, ತಲೆ ತಗ್ಗಿಸಿ, ತುಟಿ ಅಲ್ಲಾಡಿಸಿದಳು. ಅವಳು ಯಾವಾಗಲೂ ಅಲ್ಲೇ ನಿಲ್ಲುವಳು. ಅವಳೆತ್ತರಕ್ಕೆ ಸರಿಯಾಗಿ ಗೋಡೆಯ ಮೇಲೆ ಕೈಯ ಕೊಳೆ ಕೂತು ಕಪ್ಪಾಗಿತ್ತು. ಮರೆಯದಿರಲೆಂದು ಮಾತು ಬಾಯಿಪಾಠ ಮಾಡುತ್ತಾಳೆ ಎಂದು ಸೊಸೆ ತಿಳಿದಿದ್ದಳು. ಗೋಡೆ ಕೊಳೆಯಾಯಿತೆಂದು ಗದರಿಸಿಯೂ ಇದ್ದಳು.

ದೊಡ್ಡ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ಈರುಳ್ಳಿ, ಬೆಳ್ಳುಳ್ಳಿ, ಗಜ್ಜರಿ ಬಾಡಿಸಿದಳು. ಕಾಳು ಸುರಿದಳು, ನಡುವೆ ಮೂಳೆ ಸಮೇತ ಹ್ಯಾಮು ಇಟ್ಟಳು, ಮುಳುಗುವಷ್ಟು ನೀರು, ನಾಲ್ಕು ಕಾಳುಮೆಣಸು, ಕೈಯಳತೆಗೆ ಬಂದಷ್ಟು ಉಪ್ಪು. ಕುದಿ ಬಂದಂತೆ ಬೂದುಬಣ್ಣದ ನೊರೆ ಏರಿತು. ಅದನ್ನು ಸೌಟಿನಿಂದ ತೆಗೆತೆಗೆದು ಚೆಲ್ಲಿ, ಉರಿ ತಗ್ಗಿಸಿ, ಹೊಲಿಗೆ ಯಂತ್ರದ ಮುಂದೆ ಕೂತಳು. ಒಂದು ಕಾಲರ್ ಹೊಲಿಯುವುದು, ಎದ್ದು ಕೈಯಾಡಿಸುವುದು, ಇನ್ನೊಂದು ಕಾಲರ್. ಮನೆ ತುಂಬ ಹೊಗೆಮಾಂಸದ ವಾಸನೆ ಹರಡಿತು. ಗಿಲಕಿ ಎರಡು ಸಲ ಬಂದು ಪಾತ್ರೆ ನೋಡಿದಳು. ಸೊಸೆಗೆ ಅಷ್ಟಕ್ಕೇ ಜೀವ ಬಂದಂತಾಯಿತು.

ಮೂರನೆಯ ಬಾರಿ ಎದ್ದು ಬಂದಾಗ ಮುಚ್ಚಳ ಓರೆಯಾಗಿತ್ತು. ಸೌಟು ಜಾಗ ಬದಲಾಯಿಸಿತ್ತು.

“ಗಿಲಕಿ! ನಿಮ್ಮಜ್ಜಿಗೆ ಹೇಳು, ಇದು ನನ್ನ ಮಗಳಿಗೆ ಅಂತ ನಾನು ಮಾಡ್ತಿರೋದು. ಕಳ್ಳಬೆಕ್ಕಿನ ಹಾಗೆ ಬಂದು ಮುಚ್ಚಳ ತೆಗೆಯೋದು ಬೇಡ ಅಂತ.”

ಗಿಲಕಿ ಹೋದಳು. ಸೊಸೆ ಒಗೆದ ಬಟ್ಟೆಯ ಬಕೆಟ್ ಎತ್ತಿಕೊಂಡು ಹಿಂದಿನ ಬಾಲ್ಕನಿಗೆ ಹೋದಳು. ಅತ್ತೆಯ ಕೋಣೆಯ ಕಿಟಕಿ ಇದ್ದದ್ದು ಅಲ್ಲಿಗೇ. ಸದಾ ಮುಚ್ಚಿರುತ್ತಿದ್ದ ಕಿಟಕಿ. ಸೂಪಿನ ವಾಸನೆಗೋ ಏನೋ ಅಂದು ತೆರೆದಿತ್ತು. ಒದ್ದೆ ಅಂಗಿ ಕೊಡವಲು ಕೈ ಎತ್ತಿದವಳು ಮಗಳ ದನಿ ಕೇಳಿ ಹಾಗೇ ನಿಂತಳು.

“ಅಜ್ಜಿ, ಅಮ್ಮ ಹೇಳಿದ್ಲು, ಮುಚ್ಚಳ ತುಂಬಾ ಬಿಸಿ ಇದೆಯಂತೆ. ನಿಮ್ಮ ಕೈ ಸುಟ್ಟೀತು, ಜೋಪಾನ ಅಂತೆ.”

“ಆಹಾಹಾ, ಏನು ಕಾಳಜಿ!” ಎಂದರು ಅತ್ತೆ. “ಬೆಣ್ಣೆ ಹಚ್ಚಿದ ಚೂರಿ ಅವಳು. ಮುಖ ನೋಡಿದರೆ ಕೆಂಡ, ಹೇಳಿ ಕಳಿಸೋದು ಮಾತ್ರ ಜೇನುತುಪ್ಪ. ಯಾರನ್ನ ಅಣಕಿಸ್ತಾಳೆ? ಹೋಗಿ ಹೇಳು, ಅವಳ ಉಪಚಾರ ಅವಳೇ ಇಟ್ಟುಕೊಳ್ಳಲಿ. ಅಡುಗೆ ಬರದ ಕೈ ಒಲೆ ಮುಂದೆ ಯಾಕೆ ಕುಣಿಯಬೇಕು ಅಂತ ಕೇಳು. ಇರು, ಇರು. ಬೆಳಿಗ್ಗೆ ಹೇಳಿದ್ದು ಹೇಳಿದೆಯಾ? ಆ ಮಾಂಸವೆಲ್ಲ ಬರೀ ಉಪ್ಪು, ಬಿಸಿನೀರಲ್ಲಿ ಮುಳುಗಿಸಿಟ್ಟು, ಆ ನೀರು ಚೆಲ್ಲಿ, ಮತ್ತೆ ನೆನೆಸಿ ಚೆಲ್ಲಬೇಕು, ಅಷ್ಟೂ ಗೊತ್ತಿಲ್ಲದ ದಡ್ಡಿಯನ್ನ ನನ್ನ ಮಗ ಎಲ್ಲಿಂದ ಹುಡುಕಿ ತಂದ ಅಂದಿದ್ದೆನಲ್ಲ?”

“ಹ್ಞೂಂ.”

“ಏನಂದಳು?”

“ಆಯ್ತು ಅಂದ್ಲು.”

ಒದ್ದೆ ಅಂಗಿಯ ನೀರು ಸೊಸೆಯ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಒಳಗೆ ಪುಟ್ಟ ಹೆಜ್ಜೆಗಳು ನಡುಹಾದಿಗೆ ಇಳಿದವು, ಅರ್ಧಕ್ಕೆ ನಿಂತವು. ಸೊಸೆಯ ಕಣ್ಣಿಗೆ ಕಟ್ಟಿದಂತಾಯಿತು: ಗೋಡೆಗೆ ಊರಿದ ಅಂಗೈ, ಅಲುಗುವ ತುಟಿ. ಬಾಯಿಪಾಠವಲ್ಲ ಅದು. ಕೊಟ್ಟ ಮಾತಿನಿಂದ ಮುಳ್ಳು ಒಂದೊಂದೇ ಕಿತ್ತು, ತಿನ್ನಲಾಗುವಂತೆ ಮಾಡಿ ಇನ್ನೊಬ್ಬರಿಗೆ ಬಡಿಸುತ್ತಿದ್ದಳು ಮಗಳು. ಮುಳ್ಳೆಲ್ಲ ಎಲ್ಲಿ ಹೋಗುತ್ತಿತ್ತು? ಹೊಟ್ಟೆಯ ಮೇಲೆ ಇಟ್ಟುಕೊಳ್ಳುತ್ತಿದ್ದ ಆ ಕೈ ಸೊಸೆಗೆ ನೆನಪಾಯಿತು. ಇಷ್ಟು ದಿನ ಮುದುಕಿಯ ಕುಹಕವೆಂದು ತಾನು ಕುದಿದ ಸಿಹಿಮಾತೆಲ್ಲ ಮಗುವಿನದು.

“ಅಮ್ಮಾ,” ಗಿಲಕಿ ಬಾಲ್ಕನಿಯ ಬಾಗಿಲಿಗೆ ಬಂದಳು. “ಸೂಪಿನ ವಾಸನೆ ಅಪ್ಪ ಮಾಡೋ ಹಾಗೇ ಇದೆ ಅಂತ ಅಜ್ಜಿ...”

ಸೊಸೆ ಬಕೆಟ್ ಅಲ್ಲೇ ಬಿಟ್ಟು ಅಡುಗೆಮನೆಗೆ ಓಡಿದಳು. ಸೌಟಿನ ತುದಿಯಲ್ಲಿ ಒಂದಿಷ್ಟು ತೆಗೆದು ಊದಿ ನಾಲಿಗೆಗೆ ಇಟ್ಟಳು. ಮುಖವೆಲ್ಲ ಹಿಂಡಿದಂತಾಯಿತು. ಸಮುದ್ರದ ನೀರಾದರೂ ಇದಕ್ಕಿಂತ ವಾಸಿ. ಒಂದು ಕಾಳು ಹಿಚುಕಿ ನೋಡಿದಳು. ಮಧ್ಯದಲ್ಲಿ ಇನ್ನೂ ಗಟ್ಟಿ.

ಅಷ್ಟರಲ್ಲಿ ಅತ್ತೆಯೂ ಬಂದು ನಿಂತಿದ್ದರು. ಸೊಸೆಯ ಮುಖ ನೋಡಿಯೇ ಅವರಿಗೆ ಗೊತ್ತಾಯಿತು. ಅವಳ ಕೈಯಿಂದ ಸೌಟು ಕಿತ್ತುಕೊಂಡು ತಾವೂ ರುಚಿ ನೋಡಿ, ಪಾತ್ರೆ ತೊಳೆಯುವ ತೊಟ್ಟಿಗೆ ಹೋಗಿ ಉಗಿದರು. ಆಮೇಲೆ ಸೊಸೆಯ ಕಡೆ ಬೆನ್ನು ಮಾಡಿ ಮೊಮ್ಮಗಳ ಮೇಲೆ ತಿರುಗಿದರು.

“ನಿಜ ಹೇಳು. ಮಾಂಸದ ಉಪ್ಪು ಬಿಡಿಸಬೇಕು ಅಂತ ನಿಮ್ಮಮ್ಮನಿಗೆ ಹೇಳಿದೆಯೋ ಇಲ್ವೋ?”

ಗಿಲಕಿಯ ಕಣ್ಣು ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಅಜ್ಜಿಗೆ ಹೋಯಿತು. ತುಟಿ ಅಲುಗಿತು. ಇಲ್ಲಿ ಊರಿಕೊಳ್ಳಲು ಗೋಡೆ ಇರಲಿಲ್ಲ. ಕೈ ಹೊಟ್ಟೆಗೆ ಹೋಯಿತು.

‘ಇಲ್ಲ, ಯಾರೂ ನನಗೆ ಹೇಳಲಿಲ್ಲ’ ಎಂದು ಸೊಸೆ ಅಂದಿದ್ದರೆ ಸಾಕಿತ್ತು. ದಡ್ಡಿ ಎಂಬ ಮಾತು ಮುದುಕಿಯ ಬಾಯಿಗೇ ವಾಪಸು ಹೋಗುತ್ತಿತ್ತು. ಸೊಸೆ ಮಗಳ ಆ ಕೈಯನ್ನೇ ನೋಡಿದಳು.

“ಹೇಳಿದ್ಲು ಅತ್ತೆ. ನಾನೇ ಕೇಳಲಿಲ್ಲ.”

ಅತ್ತೆ ಎಂಬ ಆ ಪದ ಅಡುಗೆಮನೆಯಲ್ಲಿ ತಟ್ಟೆ ಬಿದ್ದು ಒಡೆದ ಹಾಗೆ ಕೇಳಿಸಿತು. ಮುದುಕಿ ನಿಧಾನಕ್ಕೆ ತಿರುಗಿದರು.

“ಕೇಳಲಿಲ್ಲ?”

“ನೀವು ಹೇಳಿದ್ದು ಅಂತಲೇ ಕೇಳಲಿಲ್ಲ. ನನಗೆಲ್ಲ ಗೊತ್ತು ಅಂದುಕೊಂಡೆ. ಇನ್ನು ಬಯ್ಯೋದಿದ್ರೆ ನನ್ನ ಮುಖಕ್ಕೇ ಬಯ್ಯಿರಿ. ಮಗು ಕೈಲಿ ಕಳಿಸಬೇಡಿ. ನಾನೂ ಕಳಿಸಲ್ಲ.”

“ಬಯ್ಯದೆ ಬಿಡ್ತೀನೇನೇ!” ವರ್ಷದಿಂದ ಕಟ್ಟಿಟ್ಟದ್ದು ಕಟ್ಟೆಯೊಡೆದು ಬಂತು. “ಎಷ್ಟು ಕೊಬ್ಬು ನಿನಗೆ! ಹಿರಿಯಳು ಅಂತ ಎಳ್ಳಷ್ಟಾದರೂ ಬೆಲೆ ಇದೆಯಾ? ಹಸಿದ ಮಗುವಿಗೆ ಉಪ್ಪುನೀರು ಕುಡಿಸೋಕೆ ಹೊರಟಿದ್ದೀಯ! ನಿಂತು ಏನು ನೋಡ್ತೀಯ, ಮೂಳೆ ಹೊರಗೆ ತೆಗಿ. ಇಕ್ಕಳ ಎಲ್ಲಿ?”

“ನಿಮ್ಮ ಕಣ್ಣ ಮುಂದೇ ಇದೆ. ನಿಮ್ಮ ಮಗನಿಗೆ ಕಲಿಸಿದಿರಲ್ಲ, ನನಗೂ ಒಂದು ದಿನ ಕರೆದು ಹೇಳಿಕೊಡಬಹುದಿತ್ತು.”

“ಕುರ್ಚಿ ಎಸೆದವಳಿಗೆ ಸೂಪು ಬೇರೆ ಕಲಿಸಬೇಕಿತ್ತಾ?”

“ತಿಗಣೆ ಇತ್ತು ಅತ್ತೆ ಅದರಲ್ಲಿ!”

“ಮನುಷ್ಯರಿರೋ ಮನೆ ಅಂದಮೇಲೆ ತಿಗಣೆ ಇರುತ್ತೆ! ಬಿಸಿಲಿಗೆ ಹಾಕಬೇಕು, ಬಿಸಿನೀರು ಹೊಯ್ಯಬೇಕು. ಸೋಸು, ನೀರು ಸೋಸು ಮೊದಲು. ಕಾಳು ಚೆಲ್ಲೀತು, ನೋಡಿಕೊಂಡು.”

ಸೊಸೆ ಬಟ್ಟೆ ಹಿಡಿದು ಪಾತ್ರೆ ಬಗ್ಗಿಸಿದಳು, ಅತ್ತೆ ಜಾಲರಿ ಹಿಡಿದರು. ಆವಿ ಇಬ್ಬರ ಮುಖಕ್ಕೂ ಹೊಡೆಯಿತು. ಉಪ್ಪುನೀರು ತೊಟ್ಟಿಗೆ ಹೋಯಿತು. ಅತ್ತೆ ಕಾಳನ್ನು ಬಿಸಿನೀರಲ್ಲಿ ಜಾಲಿಸಿ ಮತ್ತೆ ಪಾತ್ರೆಗೆ ಹಾಕಿ, ಹೊಸ ನೀರು ತುಂಬಿಸಿದರು. ಹ್ಯಾಮನ್ನು ಬೇರೆ ಪಾತ್ರೆಯಲ್ಲಿ ಕುದಿಸಿ, ಆ ನೀರೂ ಚೆಲ್ಲಿಸಿದರು. “ಆಲೂಗಡ್ಡೆ ಹೆಚ್ಚು. ಅಷ್ಟು ದಪ್ಪ ಅಲ್ಲ. ಹಂದಿಗೆ ಹಾಕ್ತೀಯಾ, ಮಗುವಿಗೆ ಹಾಕ್ತೀಯಾ?”

“ನನ್ನ ಕೈ ನೋಡಬೇಡಿ, ನಿಮ್ಮ ಕೆಲಸ ನೋಡಿ.”

ಗಿಲಕಿ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು. ಯಾರೂ ಅವಳನ್ನು ಕರೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಬಂದು ಮೇಜಿನ ಮುಂದೆ ಕೂತಳು.

ಸೂಪು ಮತ್ತೆ ಕುದಿಗೆ ಬಂತು. ಜಗಳವೂ ಸಣ್ಣ ಉರಿಯ ಮೇಲೆ ಕುದಿಯುತ್ತಲೇ ಇತ್ತು. ಮೂಳೆಯಿಂದ ಮಾಂಸ ಎಳೆ ಎಳೆಯಾಗಿ ಬಿಡಿಸುತ್ತಾ ಅತ್ತೆ ಇದ್ದಕ್ಕಿದ್ದಂತೆ ದನಿ ಇಳಿಸಿದರು.

“ಕುರ್ಚಿ ಹೋಗಲಿ. ಅವರ ಕೈ ತಾಗಿ ತಾಗಿ ನುಣುಪಾಗಿತ್ತಲ್ಲ ಅದರ ತೋಳು, ಅದೊಂದಾದರೂ ಗುಜರಿಯವನ ಹತ್ತಿರ ಕೇಳಿ ತರಿಸು ಅಂತ ಮಾರನೇ ದಿನವೇ ಹೇಳಿ ಕಳಿಸಿದ್ದೆ. ಬೈದೇ ಕಳಿಸಿದ್ದೆ, ಸುಳ್ಳು ಹೇಳಲ್ಲ. ಅದಕ್ಕೂ ಕಲ್ಲಾಗಿ ಕೂತೆಯಲ್ಲ ನೀನು.”

ಸೊಸೆಯ ಚೂರಿ ನಿಂತಿತು. ‘ಮೂಲೆ ಈಗ ದೊಡ್ಡದಾಗಿ ಕಾಣುತ್ತೆ ಅಂತ ಅಜ್ಜಿ ಹೇಳಿದ್ರು.’ ಅಂದು ಗಿಲಕಿ ತಂದ ಮಾತು ಇಷ್ಟೇ. ಗುಜರಿಯವನ ಗಾಡಿ ಆಗ ಪಕ್ಕದ ಬೀದಿಯಲ್ಲೇ ಇತ್ತು. ಒಂದು ಮಾತು ಕಿವಿಗೆ ಬಿದ್ದಿದ್ದರೆ ಚಪ್ಪಲಿ ಮೆಟ್ಟಿಕೊಂಡು ಓಡಿ ಹೋಗಿ ತರುತ್ತಿದ್ದಳು. ಮೇಜಿನ ಹತ್ತಿರ ಗಿಲಕಿ ಉಸಿರು ಹಿಡಿದು ಕೂತಿರುವುದು ಬೆನ್ನಿಗೇ ತಿಳಿಯಿತು.

“ಅದನ್ನೂ ಹೇಳಿದ್ಲು ಅತ್ತೆ,” ಎಂದಳು. “ನಾನೇ ತರಿಸಲಿಲ್ಲ.”

ಅತ್ತೆ ಕೈಯಲ್ಲಿದ್ದ ಮೂಳೆಯನ್ನು ಬದಿಗಿಟ್ಟರು. “ನಿನ್ನನ್ನ ನಾನು ಸಾಯೋವರೆಗೂ ಕ್ಷಮಿಸಲ್ಲ,” ಎಂದರು.

“ಬೇಡ.”

“ಮೆಣಸು ಹಾಕು. ಉಪ್ಪಿನ ಡಬ್ಬಿ ಮುಟ್ಟಿದರೆ ಕೈ ಮುರೀತೀನಿ.”

ಕಾಳು ಬೆಣ್ಣೆಯ ಹಾಗೆ ಬೆಂದಿತ್ತು. ಅತ್ತೆ ಒಂದು ಸೌಟು ಕಾಳನ್ನು ಪಾತ್ರೆಯ ಗೋಡೆಗೆ ಒತ್ತಿ ನುರಿದು ಗಂಜಿಯಷ್ಟು ಮಂದ ಮಾಡಿದರು. ಸೊಸೆ ಬಟ್ಟಲಿಗೆ ಬಡಿಸಿ, ಮಾಂಸದ ಎಳೆ ಮೇಲೆ ಹಾಕಿ, ಬ್ರೆಡ್ಡಿನ ಚೂರು ಪಕ್ಕದಲ್ಲಿಟ್ಟಳು.

ಗಿಲಕಿ ಒಂದು ಚಮಚ ಬಾಯಿಗಿಟ್ಟಳು. ಇಬ್ಬರೂ ಅವಳ ಗಂಟಲನ್ನೇ ನೋಡಿದರು. ನುಂಗಿದಳು. ಇನ್ನೊಂದು ಚಮಚ. ಆಮೇಲೆ ತಲೆ ತಗ್ಗಿಸಿ, ಮೂಗಿನ ತುದಿಗೆ ಸೂಪು ತಾಗುವಷ್ಟು ಬಗ್ಗಿ ಉಣ್ಣತೊಡಗಿದಳು. ಇಬ್ಬರೂ ಒಟ್ಟಿಗೇ ಮುಖ ತಿರುಗಿಸಿಕೊಂಡರು.

“ನಿನ್ನ ಮೊದಲಿನ ಉಪ್ಪಿಗೆ ನನ್ನ ನಾಲಿಗೆ ಇನ್ನೂ ಉರೀತಿದೆ,” ಎಂದರು ಅತ್ತೆ, ಕಿಟಕಿಯ ಕಡೆ ನೋಡುತ್ತಾ. “ಇಂಥ ಹೆಂಗಸನ್ನ ಕಟ್ಟಿಕೊಂಡದ್ದಕ್ಕೇ ನನ್ನ ಮಗ ಸಮುದ್ರ ಸೇರಿದ್ದು.”

ಗಿಲಕಿ ಬಟ್ಟಲಿಂದ ತಲೆ ಎತ್ತಿದಳು. ಅಭ್ಯಾಸಬಲ. “ಅಮ್ಮ, ಅಜ್ಜಿ ಹೇಳ್ತಾರೆ...”

“ನನಗೆ ಕೇಳಿಸ್ತು ಕಣೇ,” ಎಂದಳು ಸೊಸೆ. “ನೀನು ತಿನ್ನು.”

ಗಿಲಕಿ ಬಟ್ಟಲು ಖಾಲಿ ಮಾಡಿ ಮುಂದೆ ಚಾಚಿದಳು.