ತೆರೆದೇ ಇರಬೇಕಾದ ನಲ್ಲಿ

ನಮ್ಮ ಮನೆಯಲ್ಲಿ ನಲ್ಲಿ ತೆರೆದು ಬಿಡುವುದು ಕೊಲೆಗಿಂತ ಒಂದು ಕೈ ಕಡಿಮೆ ಅಪರಾಧ. ಆ ಕಾನೂನು ಮಾಡಿದವಳು ನಾನೇ. ಮಗಳು ಹಲ್ಲುಜ್ಜಲು ಕಲಿತಂದಿನಿಂದ "ನಲ್ಲಿ ಬಂದ್ ಮಾಡು" ಎಂದು ಕೂಗಿ ಕೂಗಿ ನನ್ನ ಗಂಟಲು ಹರಿದಿದೆ. ಕೊನೆಗೂ ಎಲ್ಲರೂ ಕಲಿತರು. ಈಗ ಅದೇ ಮುಳುವಾಯಿತು.

ಹಿತ್ತಿಲಿಗೆ ಇಳಿಯುವ ಮೆಟ್ಟಿಲ ಬುಡದಲ್ಲಿ ಚಪ್ಪಡಿ ಕಲ್ಲು ಹಾಸಿದೆ. ಬದನೆ ಗಿಡಗಳಿಗೆ ನೀರು ಹಾಕಲು ಪೈಪು ಎಳೆಯುತ್ತಿದ್ದ ಅಮ್ಮ ಆ ಒದ್ದೆ ಕಲ್ಲಿನ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಡಾಕ್ಟರು ರಾಡು ಹಾಕಿ ಮನೆಗೆ ಕಳಿಸುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಇನ್ನೊಂದು ಸಲ ಬಿದ್ರೆ ಇವರು ಏಳೋದಿಲ್ಲ, ನೆನಪಿರಲಿ" ಎಂದರು. ನನಗೆ ನೆನಪಿದೆ. ಅಮ್ಮನಿಗೆ ನೆನಪಿರುವುದು ಬದನೆ ಗಿಡ.

ನಾನು ಬಸ್ಸು ಓಡಿಸುವವಳು. ಬೆಳಕು ಹರಿಯುವ ಮೊದಲೇ ಡಿಪೋದಲ್ಲಿರಬೇಕು. ನಮ್ಮ ಮನೆಯವರದ್ದು ಲಿಫ್ಟ್ ರಿಪೇರಿ. ಯಾವ ಕಟ್ಟಡದಲ್ಲಿ ಯಾರು ಸಿಕ್ಕಿಹಾಕಿಕೊಂಡರೂ ಎದ್ದು ಓಡಬೇಕು. ಮಗಳಿಗೆ ನೀರು ಹಾಕು ಅಂದರೆ "ಹಾಕ್ತೀನಮ್ಮಾ" ಅನ್ನುತ್ತಾಳೆ. ಆ ಮಾತಿಗೂ ನೀರಿಗೂ ಯಾವ ಸಂಬಂಧವೂ ಇಲ್ಲ. ಗಿಡ ಬಾಡಿತು ಅಂದರೆ ಅಮ್ಮ ಕೋಲು ಹಿಡಿದು ಇಳಿದೇ ಇಳಿಯುತ್ತಾಳೆ. ಹೇಳಿ ನಿಲ್ಲಿಸಬಹುದಾದ ಹೆಂಗಸಾಗಿದ್ದರೆ ನನ್ನ ತಾಯಿಯೇ ಆಗುತ್ತಿರಲಿಲ್ಲ.

ಅದಕ್ಕೇ ಟೈಮರ್ ತಂದೆ. ನಲ್ಲಿಯ ಬಾಯಿಗೆ ತಿರುಚಿ ಕೂರಿಸುವ ಒಂದು ಪುಟ್ಟ ಡಬ್ಬಿ. ಹೊತ್ತು ಗೊತ್ತು ಮಾಡಿಟ್ಟರೆ ತಾನೇ ನೀರು ಬಿಡುತ್ತದೆ, ತಾನೇ ನಿಲ್ಲಿಸುತ್ತದೆ. ಮನೆಯವರು ನಲ್ಲಿಯ ತಿರುಪಿಗೆ ದಾರ ಸುತ್ತಿ, ಟೇಪು ಸುತ್ತಿ, ಎರಡು ಸಲ ಮುಖಕ್ಕೆ ನೀರು ಹೊಡೆಸಿಕೊಂಡು, ಅಂತೂ ಅದನ್ನು ಕೂರಿಸಿದರು. ಪಾತಿಗಳ ಉದ್ದಕ್ಕೂ ತೂತಿನ ಪೈಪು ಹಾಸಿದೆವು. ನಿಬಂಧನೆ ಒಂದೇ: ಡಬ್ಬಿಯ ಹಿಂದಿನ ನಲ್ಲಿ ಯಾವಾಗಲೂ ತೆರೆದೇ ಇರಬೇಕು.

ಮರುದಿನ ಕೆಲಸ ಮುಗಿಸಿ ಬಂದರೆ ಪಾತಿ ಒಣ ಒಣ. ನಲ್ಲಿ ಮುಟ್ಟಿ ನೋಡಿದೆ. ಬಿಗಿಯಾಗಿ ಬಂದ್.

"ಯಾರೇ ಇದು?"

"ನಾನೇ," ಎಂದಳು ಮಗಳು, ಮೆಡಲು ಬಂದವಳ ಹಾಗೆ. "ತೆರೆದಿತ್ತು. ನಿಲ್ಲಿಸ್ದೆ."

"ಅದು ತೆರೆದಿರ್ಬೇಕು ಕಣೇ! ನಿನ್ನೆ ಅಷ್ಟೊತ್ತು ಹೇಳಿದ್ನಲ್ಲ!"

"ಹುಟ್ಟಿದಾಗಿಂದ ನಿಲ್ಸು ನಿಲ್ಸು ಅಂತೀಯ, ನಿನ್ನೆ ಒಂದಿನ ಬಿಡು ಅಂದೆ. ಯಾವ್ದು ಕೇಳ್ಲಿ?"

ಅದರ ಮರುದಿನ ನಿಲ್ಲಿಸಿದವರು ಮನೆಯವರು. ಟವೆಲು ಒಣಹಾಕಲು ಹೋದವರು ಅಭ್ಯಾಸಬಲದಿಂದ ತಿರುಗಿಸಿಬಿಟ್ಟರಂತೆ. "ಕೈ ಅದರಷ್ಟಕ್ಕೆ ಅದೇ ಹೋಗ್ಬಿಡ್ತು ಕಣೆ. ನೀನು ಹಾಗೆ ತಯಾರು ಮಾಡಿಟ್ಟಿದ್ದೀಯ ನಮ್ಮನ್ನ." ನಾನು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ "ಮುಟ್ಟಬೇಡಿ" ಎಂದು ಬರೆದು ನಲ್ಲಿಯ ಕುತ್ತಿಗೆಗೆ ಕಟ್ಟಿದೆ. ಅದನ್ನು ಓದಲಿಕ್ಕೆಂದು ಪಕ್ಕದ ಮನೆ ಟೀಚರಮ್ಮ ಬೇಲಿಯ ಮೇಲಿಂದ ಬಗ್ಗಿ, ರಟ್ಟು ಸರಿಸಿ, ನಲ್ಲಿ ನಿಲ್ಲಿಸಿ, ಸಂಜೆ ನನಗೇ ವರದಿ ಒಪ್ಪಿಸಿದರು: "ಏನಮ್ಮ, ಬೇರೆಯೋರಿಗೆಲ್ಲ ಬುದ್ಧಿ ಹೇಳ್ತೀಯ, ನಿನ್ನ ನಲ್ಲಿನೇ ತೆರೆದಿತ್ತಲ್ಲ! ಪುಣ್ಯಕ್ಕೆ ನಾನು ನೋಡ್ದೆ."

"ಒಳ್ಳೇದಾಯ್ತು ಬಿಡಿ ಟೀಚರಮ್ಮ," ಎಂದೆ.

ಇಷ್ಟಕ್ಕೂ ರಜೆಯ ದಿನ ಅರೆನಿದ್ದೆಯಲ್ಲಿ ಹಿತ್ತಿಲಿಗೆ ಹೋಗಿ ಬಂದ ನಾನೇ ಅದನ್ನು ನಿಲ್ಲಿಸಿ ಬಂದಿದ್ದೆ. ಬಾಡಿದ ಎಲೆ ಕಂಡು ಎಲ್ಲರಿಗೂ ಸಹಸ್ರನಾಮ ಮಾಡಿದ ಮೇಲೆ ಅದು ನೆನಪಾಯಿತು. ಯಾರಿಗೂ ಹೇಳಲಿಲ್ಲ.

ಅಮ್ಮ ಮಂಚದ ಮೇಲಿಂದಲೇ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. "ಮೂರು ಜನ ಗಟ್ಟಿಮುಟ್ಟು ಆಳುಗಳು, ಒಂದು ಡಬ್ಬಿಗೆ ಕಾವಲು! ನಾನು ಒಬ್ಬಳೇ ಕಾಲು ಗಂಟೇಲಿ ಮುಗಿಸ್ತಿದ್ದೆ."

"ಮುಗಿಸಿದ್ದು ಗೊತ್ತಲ್ಲ. ಆಸ್ಪತ್ರೆಲಿ ಹೋಗಿ ಮಲಗ್ದೆ."

"ಕಲ್ಲು ಜಾರಿದ್ರೆ ನಾನೇನು ಮಾಡ್ಲಿ?"

"ರೀ," ಎಂದೆ ಗಂಡನಿಗೆ, "ಆ ನಲ್ಲಿಯ ಹಿಡೀನೇ ಕಿತ್ತುಬಿಡಿ."

ಸ್ಪ್ಯಾನರ್ ತಂದು ಕಿತ್ತರು. ನಲ್ಲಿ ತೆರೆದಂತೆಯೇ ನಿಂತಿತು. ನಿಲ್ಲಿಸಬೇಕೆಂದರೂ ಹಿಡಿಯಲು ಏನೂ ಇಲ್ಲ. ಮಗಳು ಹಾದುಹೋಗುವಾಗ ಬರಿಗಾಳಿಯನ್ನು ತಿರುಗಿಸಿ ಪೆಚ್ಚಾದದ್ದನ್ನು ಕಣ್ಣಾರೆ ಕಂಡೆ. ಅಂದಿನಿಂದ ದಿನವೂ ಪಾತಿ ಒದ್ದೆ, ಎಲೆಗಳೆಲ್ಲ ಸೆಟೆದು ನಿಂತವು. ಅಮ್ಮ ಇಳಿಯಲು ಇನ್ನು ಕಾರಣವಿಲ್ಲ.

ಒಂದು ಬೆಳಿಗ್ಗೆ ನನ್ನ ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟು ನಿಂತಿತು. ಬದಲಿ ಬಸ್ಸಿಲ್ಲ, ಮನೆಗೆ ಹೋಗು ಅಂದರು. ಮನೆ ಬಾಗಿಲು ತೆಗೆದಾಗ ಅಮ್ಮನ ಮಂಚ ಖಾಲಿ. ಹಿತ್ತಿಲ ಬಾಗಿಲು ತೆರೆದಿತ್ತು.

ಅವಳು ಚಪ್ಪಡಿ ಕಲ್ಲಿನ ಮೇಲೆ ನಿಂತಿದ್ದಳು. ಟೈಮರ್ ಓಡುತ್ತಿತ್ತು. ಪೈಪಿನ ಒಂದು ತೂತಿನಿಂದ ನೀರು ಚಿಮ್ಮಿ ಕಲ್ಲೆಲ್ಲ ಮಿರಮಿರ ಮಿಂಚುತ್ತಿತ್ತು. ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬಗ್ಗಿ, ಅವಳು ಬದನೆ ಬುಡದ ಮಣ್ಣಿಗೆ ಬೆರಳು ಹಾಕಿ ನೋಡುತ್ತಿದ್ದಳು.

ಕೂಗಲಿಲ್ಲ. ಜನ ನಿಂತಿರುವಾಗ ಗಕ್ಕನೆ ಬ್ರೇಕು ಹಾಕಬಾರದು ಎಂಬುದು ನನ್ನ ಕೆಲಸ ಕಲಿಸಿದ ಮೊದಲ ಪಾಠ. ಒಂದೊಂದೇ ಮೆಟ್ಟಿಲು ಇಳಿದು, ಹಿಂದಿನಿಂದ ಎರಡೂ ರಟ್ಟೆ ಹಿಡಿದುಕೊಂಡೆ. ಮೇಲೆ ತಂದು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿದೆ. ಆಮೇಲೆ ಕೂಗಿದೆ. ಟೀಚರಮ್ಮ ತಮ್ಮ ಕಿಟಕಿ ಮುಚ್ಚಿಕೊಳ್ಳುವಷ್ಟು ಕೂಗಿದೆ.

"ನೀರು ಹಾಕೋಕೆ ಹೋಗ್ಲಿಲ್ಲ ಕಣೇ," ಎಂದಳು ಅಮ್ಮ, ನನ್ನ ಕೂಗಾಟ ಮುಗಿದ ಮೇಲೆ. "ಅದು ಸರಿಯಾಗಿ ಹಾಕುತ್ತೋ ಇಲ್ವೋ ನೋಡೋಕೆ ಹೋದೆ."

"ದಿನಾ?"

"ದಿನಾ ಅದು ಹಾಕುತ್ತಲ್ಲ, ದಿನಾನೇ ನೋಡ್ಬೇಕು."

ಅಂದರೆ, ಒದ್ದೆ ಕಲ್ಲಿನಿಂದ ಅವಳನ್ನು ದೂರವಿಡಲು ತಂದ ಡಬ್ಬಿ ದಿನವೂ ಕಲ್ಲು ಒದ್ದೆ ಮಾಡಿ ಅವಳನ್ನು ಅದರ ಮೇಲಕ್ಕೆ ಕರೆಯುತ್ತಿತ್ತು. ಅದೂ ಮನೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲದ ಹೊತ್ತು ನೋಡಿ. ಹೊತ್ತು ಗೊತ್ತು ಮಾಡಿದವಳು ನಾನು. ಗೋಡೆಗೆ ತಲೆ ಚಚ್ಚಿಕೊಳ್ಳೋಣವೆಂದರೆ ಆ ಗೋಡೆಗೂ ಮೊನ್ನೆ ತಾನೇ ಬಣ್ಣ ಬಳಿಸಿದ್ದೆವು.

"ನೀರಿನ ಸದ್ದು ಇಲ್ಲಿಗೇ ಕೇಳ್ಸುತ್ತಲ್ಲಮ್ಮ. ಇಳಿದು ನೋಡೋದೇನಿದೆ?"

"ಬಸ್ಸು ಸದ್ದು ಮಾಡಿದ್ರೆ ಜನ ಹತ್ತಿದ್ರು ಅಂತಾನಾ? ಕೊನೇ ಸಾಲಿನ ಬೀನ್ಸಿಗೆ ತೊಟ್ಟು ನೀರು ಹೋಗ್ತಿಲ್ಲ. ಎಲ್ಲಾ ಈ ತುದೀಲೇ ಕುಡಿದು ಮುಗಿಸ್ತಿದೆ. ಯಾರಾದ್ರೂ ನೋಡಿದ್ರಾ?"

ಯಾರೂ ನೋಡಿರಲಿಲ್ಲ.

"ಬಿದ್ದಿದ್ರೆ ಏನ್ ಮಾಡ್ತಿದ್ದೆ?" ಎಂದೆ. "ನಾನು ಬರೋವರೆಗೂ ಆ ನೀರಲ್ಲೇ ಬಿದ್ದಿರ್ತಿದ್ದೆಯಲ್ಲಮ್ಮ."

ಅಮ್ಮ ಮಣ್ಣು ಮೆತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ಟೈಮರನ್ನು ಈಗ ಸಂಜೆಗೆ ತಿರುಗಿಸಿದ್ದೇನೆ. ನಾನು ಮನೆಯಲ್ಲಿರುವ ಹೊತ್ತಿಗೆ. ಮೇಲಿನ ಮೆಟ್ಟಿಲ ಹತ್ತಿರ, ಬಾಗಿಲ ಒಳಗಡೆಗೆ, ಕೈಗಳಿರುವ ಕುರ್ಚಿ ಹಾಕಿದ್ದೇವೆ. ಡಬ್ಬಿ ಟಕ್ ಎಂದು ನೀರು ಬಿಡುತ್ತದೆ, ಅಮ್ಮ ಬಾಯಿ ಬಿಡುತ್ತಾಳೆ.

"ಪೈಪು ಎಡಕ್ಕೆ ಎಳಿ. ಅದು ಎಡಾನಾ? ಬಸ್ಸು ಹೆಂಗೆ ಓಡಿಸ್ತೀಯೋ! ಆ ಮೆಣಸಿನ ಗಿಡದ ಬುಡ ಮುಟ್ಟಿ ನೋಡು. ಮೇಲೆ ಅಲ್ಲ, ಬೆರಳು ಒಳಗೆ ಹಾಕು."

ದಿನವಿಡೀ ಕ್ಲಚ್ಚು ತುಳಿದ ಕಾಲಲ್ಲಿ ನಾನು ಕೆಸರು ತುಳಿಯುತ್ತೇನೆ. ಯಾವ ಕೆಲಸ ತಪ್ಪಿಸಿಕೊಳ್ಳಲು ಆ ಡಬ್ಬಿ ತಂದೆನೋ ಆ ಕೆಲಸವನ್ನೇ ಈಗ ಡಬ್ಬಿಯ ಜತೆ ಸೇರಿ, ಬೈಸಿಕೊಂಡು ಮಾಡುತ್ತಿದ್ದೇನೆ.

ಇವತ್ತು ಬೀನ್ಸಿನ ಸಾಲಿನ ಕೊನೆಯಲ್ಲಿ ಬಗ್ಗಿದ್ದಾಗ ಮೇಲೆ ಕುರ್ಚಿ ಕಿರುಗುಟ್ಟಿತು. ತಿರುಗಿ, "ಅಮ್ಮಾ!" ಎಂದೆ.

"ಕೂತಿದ್ದೀನಿ ಕಣೇ, ಅರಚ್ಬೇಡ," ಎಂದಳು. ಎರಡೂ ಕೈಯಲ್ಲಿ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು, ಕತ್ತು ಮಾತ್ರ ಕೊಕ್ಕರೆಯಂತೆ ಚಾಚಿದ್ದಳು. "ಅಲ್ಲಿಗೆ ನೀರು ಬಂತಾ?"

"ಬಂತು."

"ಬೆರಳು ಹಾಕಿ ನೋಡಿ ಹೇಳು."