ಏಳನೆಯ ಷರತ್ತು

ಎಂಟನೆಯ ಷರತ್ತು ಮತ್ತೆ ಒಂದನೆಯದಾಗಿಬಿಟ್ಟಿತ್ತು. ಅವನು ಅದರ ಹಿಂದೆ ಕರ್ಸರ್ ಇಟ್ಟು ಅಂಕಿಯನ್ನು ಅಳಿಸಿದ. ಇಡೀ ಪ್ಯಾರಾ ಎಡಕ್ಕೆ ಜಾರಿ ಪುಟದ ಅಂಚಿಗೆ ಅಂಟಿಕೊಂಡಿತು. ಅಳಿಸಿದ್ದನ್ನು ವಾಪಸು ತಂದ. ಮತ್ತೆ ಒಂದು. ಅದರ ಕೆಳಗಿನದು ಎರಡು. ಅದರ ಕೆಳಗೆ ಅಂಕಿ ಇರಬೇಕಾದ ಕಡೆ ಪುಟ್ಟದೊಂದು ಖಾಲಿ ಚೌಕ.

"ಮೇಜು ಬಿಡೋ," ಅಂದಳು ಅಕ್ಕ. "ಲೈನಿಂಗ್ ಕತ್ತರಿಸ್ಬೇಕು."

ಅವನು ಲ್ಯಾಪ್‌ಟಾಪನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಅಕ್ಕ ಬಟ್ಟೆ ಹರಡಿ, ಅದರ ಮೇಲೆ ಕೈಯಾಡಿಸಿ ಸುಕ್ಕು ಬಿಡಿಸಿ, ಕಿವಿಯ ಸಂದಿಯಿಂದ ಸೀಮೆಸುಣ್ಣದ ಬಿಲ್ಲೆ ತೆಗೆದಳು. ಅವಳ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನು ಮಲಗಲು ಶುರುಮಾಡಿ ಒಂದು ಚಳಿಗಾಲ ಪೂರ್ತಿ ಕಳೆದಿತ್ತು. ಅಂಗಿಯ ತೋಳಿಗೆ ಸುಣ್ಣದ ಪುಡಿ ಹತ್ತಿಸಿಕೊಂಡೇ ವಿಮಾ ಕಚೇರಿಗೆ ಹೋಗುತ್ತಿದ್ದ. ಯಾರಾದರೂ ತೋರಿಸಿದರೆ ಒರೆಸಿಕೊಳ್ಳುತ್ತಿದ್ದ, ಇಲ್ಲದಿದ್ದರೆ ಇಲ್ಲ.

ಹೆಂಡತಿಗೆ ಫೋನು ಮಾಡಿದ.

"ಎಂಟು ಒಂದಾಗಿದೆ."

"ನನಗೆ ಎಂಟೇ ಕಾಣ್ತಿದೆ," ಅಂದಳು ಅವಳು.

"ಇಲ್ಲಿ ಒಂದು. ಹತ್ತನೇದು ಡಬ್ಬಿ ಆಗಿದೆ."

"ಡಬ್ಬಿ ಅಂದ್ರೆ?"

"ಡಬ್ಬಿ. ಚೌಕ. ಒಳಗೆ ಏನೂ ಇಲ್ಲ."

ಆ ಕಡೆ ಕೀಲಿಮಣೆಯ ಸದ್ದು. ಅವಳು ಉಸಿರು ಬಿಟ್ಟಿದ್ದು ಕೇಳಿಸಿತು. "ಸರಿ, ಅಲ್ಲೇ ಇರು. ಏಳನೇ ಷರತ್ತು ಮುಗಿದ ಮೇಲೆ ಎಂಟರ್ ಒತ್ತು. ಒತ್ತಿದ್ಯಾ? ಈಗ ಎಂಟನ್ನ ಮೇಲಕ್ಕೆ ಎಳಿ."

ಒತ್ತಿದ. ಎಳೆದ. ಅವಳು ಹೇಳಿದ ಹಾಗೆ ಒಂದೊಂದೇ ಮಾಡುತ್ತ ಹೋದ. ಎಂಟು ಎಂಟಾಯಿತು. ಆಮೇಲೆ ಮಾತಾಡಲು ಏನೂ ಉಳಿಯಲಿಲ್ಲ. ಪಾಪು ಏನು ಮಾಡ್ತಿದಾಳೆ ಅಂದ. ಓದ್ತಿದಾಳೆ ಅಂದಳು. ಫೋನಿಟ್ಟರು.

ಅವರ ಕರಾರು ಪತ್ರ ಹೀಗೆ ಎಷ್ಟೋ ವಾರಗಳಿಂದ ಓಡಾಡುತ್ತಿತ್ತು. ಬೇರೆಯಾಗುವುದಕ್ಕೆ ಇಬ್ಬರದೂ ಒಪ್ಪಿಗೆಯಿತ್ತು. ವಕೀಲೆ ಅವರಿಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು, "ಜಗಳ ಇಲ್ಲ ಅಂತೀರಿ, ಹಾಗಾದ್ರೆ ನನಗೇನು ಕೆಲಸ? ಏನೇನು ಹೇಗೆ ಅಂತ ನೀವೇ ಬರ್ಕೊಂಡು ಬನ್ನಿ, ಆಮೇಲೆ ನಾನು ಅದಕ್ಕೆ ಇಸ್ತ್ರಿ ಹಾಕ್ಕೊಡ್ತೀನಿ," ಅಂದಿದ್ದಳು. ಅವನು ಕಚೇರಿಯವರು ಕೊಟ್ಟ ಲ್ಯಾಪ್‌ಟಾಪಿನಲ್ಲಿ, ಕಚೇರಿಯವರೇ ಕೊಂಡು ಹಾಕಿಸಿದ ಹಳೆಯ ಸಾಫ್ಟ್‌ವೇರಿನಲ್ಲಿ ಮೊದಲ ಕರಡು ಬರೆದ. ಅವಳು ಮನೆಯಲ್ಲೇ ಕೂತು ಶಾಲೆಯ ಪಠ್ಯಪುಸ್ತಕಗಳಿಗೆ ಪುಟ ಜೋಡಿಸಿಕೊಡುವವಳು. ಅವಳದು ಯಾರೋ ಪುಣ್ಯಾತ್ಮರು ಬಿಟ್ಟಿಯಾಗಿ ಹಂಚಿದ ಸಾಫ್ಟ್‌ವೇರು. ಅವನು ಕಳಿಸಿದ್ದು ಅವಳಲ್ಲಿ ತೆರೆದಾಗ ಸಾಲುಗಳು ಮುಂದಿನ ಪುಟಕ್ಕೆ ಉರುಳುತ್ತಿದ್ದವು. ಅವಳು ಸರಿಮಾಡಿ ಕಳಿಸಿದ್ದು ಅವನಲ್ಲಿ ತೆರೆದಾಗ ಅಂಕಿಗಳಿಗೆ ಮರೆವು ಬರುತ್ತಿತ್ತು. ಒಂದೇ ಮನೆಯಲ್ಲಿದ್ದಷ್ಟು ವರ್ಷವೂ ಇದು ಗೊತ್ತಾಗಿರಲಿಲ್ಲ. ಒಬ್ಬರಿಗೊಬ್ಬರು ಫೈಲು ಕಳಿಸುವ ಪ್ರಸಂಗವೇ ಬಂದಿರಲಿಲ್ಲ.

ಬೇರೆಯಾಗುವ ಮಾತು ಬಂದದ್ದು ಒಂದು ಭಾನುವಾರ, ಬಟ್ಟೆ ಒಣಹಾಕುವಾಗ. ಅವಳು ಬಾಯಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ಪನ್ನು ತೆಗೆದು, "ಸಾಕು ಅಲ್ವಾ?" ಅಂದಿದ್ದಳು. ಯಾವುದು ಎಂದು ಅವನು ಕೇಳಲಿಲ್ಲ. ಹೂಂ ಅಂದ. ಒದ್ದೆ ಹೊದಿಕೆಯ ಇನ್ನೊಂದು ತುದಿ ಅವನ ಕೈಯಲ್ಲಿತ್ತು. ಇಬ್ಬರೂ ಸೇರಿ ಅದನ್ನು ಹಿಂಡಿ, ತಂತಿಗೆ ಹಾಕಿ, ಮೂಲೆ ಎಳೆದು ಸರಿಮಾಡಿದರು.

"ಒಂದನೇ ಪಕ್ಷ, ಎರಡನೇ ಪಕ್ಷ ಅಂತೆಲ್ಲ ಬರ್ಕೊಂಡಿದೀರಲ್ಲೋ," ಅಕ್ಕ ಅವನ ಭುಜದ ಮೇಲಿಂದ ಬಗ್ಗಿ ನೋಡುತ್ತ ಅಂದಳು. "ಚುನಾವಣೆಗೆ ನಿಂತಿದೀರಾ ಇಬ್ಬರೂ?"

"ವಕೀಲರು ಹಾಗೇ ಬರೀರಿ ಅಂದ್ರು."

"ಏಳನೇದು ಇನ್ನೂ ಇದೆಯಾ?"

"ಇದೆ."

"ಓದು ನೋಡೋಣ."

"ಎಷ್ಟು ಸಲ ಓದ್ಲಿ ಅಕ್ಕ?"

"ನಿನಗೇನು ದುಡ್ಡು ಖರ್ಚಾ? ಓದು."

"ಮನೆಯ ಒಂದು ಕೀಲಿಕೈ ಒಂದನೇ ಪಕ್ಷದವರ ಬಳಿಯೇ ಇರತಕ್ಕದ್ದು."

ಒಂದನೇ ಪಕ್ಷ ಎಂದರೆ ಅವನು. ಆ ಷರತ್ತು ಬರೆದವನೂ ಅವನೇ. ಉಳಿದ ಷರತ್ತುಗಳಿಗೆಲ್ಲ ಕಾರಣ ಕೊಟ್ಟಿದ್ದ, ಇದಕ್ಕೆ ಕೊಟ್ಟಿರಲಿಲ್ಲ. ಮೊದಲ ಕರಡು ಕಳಿಸಿದ ಮೇಲೆ ಅವಳು ಹೊಡೆದುಹಾಕುತ್ತಾಳೆ ಎಂದೇ ಕಾದಿದ್ದ. ಫೈಲು ವಾಪಸು ಬಂತು, ಏಳನೆಯದು ಹಾಗೇ ಇತ್ತು. ಮುಂದಿನ ಸಲವೂ ಇತ್ತು. ಈಗ ಅವಳಿಂದ ಬಂದ ಫೈಲು ತೆರೆದ ಕೂಡಲೇ ಮೊದಲು ನೋಡುತ್ತಿದ್ದದ್ದು ಅದನ್ನೇ. ಅಂಕಿ ಏನೇ ಆಗಿರಲಿ, ಏಳು ಮೂರಾಗಿರಲಿ, ಚೌಕವಾಗಿರಲಿ, ಆ ಸಾಲು ಮಾತ್ರ ಇದ್ದಲ್ಲೇ ಇರುತ್ತಿತ್ತು.

"ನಿನ್ನ ಹೆಂಡತಿ ಒಂದು ದೀರ್ಘ ತಪ್ಪಿದ್ರೂ ಬಿಡೋಳಲ್ಲ," ಅಂದಳು ಅಕ್ಕ, ಕತ್ತರಿ ಆಡಿಸುತ್ತ. "ಅಂಥವಳು ಇದನ್ನ ಬಿಟ್ಟಿದಾಳೆ ಅಂದ್ರೆ ಸುಮ್ನೆ ಬಿಟ್ಟಿಲ್ಲ. ಬಾಗಿಲು ಪೂರ್ತಿ ಹಾಕಿಲ್ಲ ಅಂತ."

"ಹಾಗೇನೂ ಇಲ್ಲ."

"ಆಯ್ತಪ್ಪ, ಇಲ್ಲ. ಆ ಮುಖ ಸ್ವಲ್ಪ ಸರಿಮಾಡ್ಕೋ. ಗಿರಾಕಿಗಳು ನಿನ್ನ ನೋಡಿ, ಯಾರು ತೀರ್ಕೊಂಡಿದ್ದು ಅಂತ ಕೇಳ್ತಾರೆ."

ಮರುದಿನ ಕಚೇರಿಯಲ್ಲಿ, ಎಲ್ಲರೂ ಪಂಡಿತ ಎಂದು ಕರೆಯುವ ಪಕ್ಕದ ಮೇಜಿನವನು ಅವನ ಪರದೆಯತ್ತ ಕತ್ತು ಚಾಚಿದ. ಪಂಡಿತನಿಗೆ ಬೇರೆಯವರ ಪರದೆಗಳೆಂದರೆ ತನ್ನದಕ್ಕಿಂತ ಹೆಚ್ಚು ಪ್ರೀತಿ.

"ಇದೇನ್ರೀ, ಒಂದು ಎರಡು ಮೂರು, ಮತ್ತೆ ಒಂದು? ಎಲ್ಲಿಂದ ಬಂತು ಈ ಫೈಲು? ಬಿಟ್ಟಿ ಸಾಫ್ಟ್‌ವೇರ್‌ದಾ? ಜರುಗಿ." ಮೌಸನ್ನು ಕಿತ್ತುಕೊಂಡೇಬಿಟ್ಟ. "ನೋಡಿ, ಸೇವ್ ಮಾಡುವಾಗ ಇಲ್ಲಿ ಈ ನಮೂನೆ ಆರಿಸ್ಕೊಳ್ಳಿ. ಅವರಿಗೂ ಇದರಲ್ಲೇ ಕಳಿಸೋಕೆ ಹೇಳಿ. ಇಬ್ಬರ ಹತ್ರಾನೂ ಒಂದೇ ಥರ ಕಾಣುತ್ತೆ, ಒಂದು ಚುಕ್ಕೆ ಅಲ್ಲಾಡಲ್ಲ. ಇಷ್ಟಕ್ಕಾ ತಲೆ ಕೆಡಿಸ್ಕೊಂಡಿದ್ದು?"

ಅವನು ಉಪಕಾರವಾಯಿತು ಎಂದ. ಪಂಡಿತ ಚಹಾಕ್ಕೆ ಹೋದ ಮೇಲೆ ಫೈಲನ್ನು ಮುಚ್ಚಲು ಹೋದ. ಬದಲಾವಣೆಗಳನ್ನು ಉಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. ಬೇಡ ಎಂಬುದರ ಮೇಲೆ ಒತ್ತಿದ. ಸಂಜೆ ಹೆಂಡತಿಗೆ ಫೋನು ಮಾಡಿ, ಒಂಬತ್ತನೆಯದು ನಾಲ್ಕಾಗಿದೆ ಎಂದು ಹೇಳಿದ.

"ಇದು ಹೀಗೆ ಮುಗಿಯಲ್ಲ," ಅಂದಳು ಅವಳು. "ಶನಿವಾರ ಇಲ್ಲಿಗೇ ಬಾ. ಎರಡೂ ಕಂಪ್ಯೂಟರ್ ಪಕ್ಕ ಪಕ್ಕ ಇಟ್ಕೊಂಡು ಓದಿಬಿಡೋಣ. ಸೋಮವಾರ ವಕೀಲರಿಗೆ ಕೊಡ್ಬೇಕು."

ಶನಿವಾರ ಅಕ್ಕ ಅವನ ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಟ್ಟಳು. ಅವನು ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತದ್ದನ್ನು ನೋಡಿ, "ಬಿಡುಗಡೆಗೆ ಹೋಗ್ತಿದೀಯೋ ಮದುವೆಗೋ?" ಅಂದಳು. ಅವನು ಚೀಲ ಹೆಗಲಿಗೇರಿಸಿಕೊಂಡು ಹೊರಟ. ಬಸ್ಸಿನಲ್ಲಿ ಕೂತು ಜೇಬಿಗೆ ಕೈಹಾಕಿ ಕೀಲಿಕೈ ಇದೆಯೇ ಎಂದು ನೋಡಿಕೊಂಡ. ಇತ್ತು. ತನಗೆ ಖುಷಿಯಾಗುತ್ತಿದೆಯೋ ಇಲ್ಲವೋ ಎಂದು ಒಂದು ಕ್ಷಣ ಯೋಚಿಸಿದ. ಗೊತ್ತಾಗಲಿಲ್ಲ. ಬಹಳ ಹೊತ್ತು ಮಡಚಿ ಕೂತು ಜೋಮು ಹಿಡಿದ ಕಾಲನ್ನು ಮುಟ್ಟಿ ನೋಡಿಕೊಂಡ ಹಾಗಿತ್ತು.

ಮನೆಯ ಬಾಗಿಲ ಮುಂದೆ ನಿಂತು ಬೆಲ್ಲಿನ ಕಡೆಗೆ ಬೆರಳು ಚಾಚಿದವನು, ಏಳನೆಯ ಷರತ್ತು ನೆನಪಾಗಿ, ಕೈ ಹಿಂದಕ್ಕೆ ತೆಗೆದುಕೊಂಡ. ಕೀಲಿಕೈ ಹಾಕಿ ತಿರುಗಿಸಿದ. ಬಾಗಿಲು ಯಾವಾಗಿನಂತೆ ಸ್ವಲ್ಪ ಮೇಲಕ್ಕೆತ್ತಿ ತಳ್ಳಬೇಕಿತ್ತು. ಕೈ ಅದನ್ನು ತಾನಾಗಿಯೇ ಮಾಡಿತು.

ಅವಳು ಊಟದ ಮೇಜಿನ ಹತ್ತಿರ, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಎದ್ದು ನಿಂತಿದ್ದಳು.

"ಬೆಲ್ ಕೆಟ್ಟಿಲ್ಲ," ಅಂದಳು.

"ಕೀಲಿಕೈ ಇತ್ತಲ್ಲ, ಅದಕ್ಕೆ."

ಅವಳು ಅವನ ಕೈಯನ್ನು ನೋಡಿದಳು. ಅವನು ಕೂರುತ್ತಿದ್ದ ಕುರ್ಚಿಯ ಮೇಲೆ ತಿದ್ದಬೇಕಾದ ಪಠ್ಯಪುಸ್ತಕದ ಹಾಳೆಗಳಿದ್ದವು. ಅವನ್ನು ಎತ್ತಿ ನೆಲದ ಮೇಲಿಟ್ಟಳು. ಒಳಗಿನಿಂದ ಮಗಳು ಓಡಿಬಂದು ಅವನ ಪ್ಯಾಂಟಿಗೆ ಅಂಟಿದ್ದ ನೀಲಿ ದಾರವನ್ನು ಹಿಡಿದು ಎಳೆದಳು. ಅದು ಬರುತ್ತಲೇ ಹೋಯಿತು.

"ಅಯ್ಯೋ ಅಪ್ಪ, ಅತ್ತೆ ನಿನ್ನನ್ನೂ ಹೊಲಿದುಬಿಟ್ಟಿದಾಳಾ?"

"ಇನ್ನೂ ಗುಂಡಿ ಹಾಕಿಲ್ಲ," ಅಂದ ಅವನು.

"ಪಾಪು, ಒಳಗೆ ಹೋಗು. ನಾವು ಸ್ವಲ್ಪ ಓದೋದಿದೆ," ಅಂದಳು ತಾಯಿ.

"ಜೋರಾಗಿ ಓದ್ತೀರಾ?"

"ಮೆಲ್ಲಗೆ."

"ಹಾಗಾದ್ರೆ ನನಗೇನೂ ಕೇಳಲ್ಲ, ಬಾಗಿಲು ತೆಗ್ದೇ ಇಡ್ತೀನಿ," ಎಂದು ಹೋದಳು ಮಗಳು, ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ.

ಎರಡು ಲ್ಯಾಪ್‌ಟಾಪುಗಳನ್ನು ಪಕ್ಕಪಕ್ಕ ಇಟ್ಟರು. ಅವಳು ತನ್ನದನ್ನು ನೋಡಿ ಓದುವುದು, ಅವನು ತನ್ನದರಲ್ಲಿ ಹಿಂಬಾಲಿಸುವುದು ಎಂದಾಯಿತು. ಅವಳು ಪಠ್ಯಪುಸ್ತಕ ಓದುವ ದನಿಯಲ್ಲೇ ಓದಿದಳು. ಮಗಳು ಯಾರ ಬಳಿ ಇರತಕ್ಕದ್ದು, ವಾರದಲ್ಲಿ ಯಾವಾಗ ಯಾರು ಕರೆದುಕೊಂಡು ಹೋಗತಕ್ಕದ್ದು, ಕಾಯಿಲೆ ಬಿದ್ದರೆ ಯಾರು ಯಾರಿಗೆ ತಿಳಿಸತಕ್ಕದ್ದು. ಅವನು ಪ್ರತಿಯೊಂದಕ್ಕೂ ಹೂಂ ಅಂದ. ಒಂದೆರಡು ಕಡೆ ಅಂಕಿ ಬೇರೆಯಾಗಿತ್ತು, ಸರಿಮಾಡಿಕೊಂಡ. ಆರು ಮುಗಿಯಿತು. ಅವನು ನೀರು ಕುಡಿದು ಲೋಟ ಇಟ್ಟ.

"ಏಳು," ಅಂದಳು ಅವಳು. "ಮಗಳ ಶಾಲೆಯ ಕಾಗದಗಳಿಗೆ ಇಬ್ಬರ ಸಹಿಯೂ..."

"ತಡಿ. ಅದು ಎಂಟು."

"ಏಳು."

"ಏಳು ಕೀಲಿಕೈ."

ಅವಳು ಕನ್ನಡಕ ಇಳಿಸಿಕೊಂಡು ಅವನ ಪರದೆಯನ್ನು ನೋಡಿದಳು. ಸಾಲು ಅಲ್ಲೇ ಇತ್ತು, ಹಿಂದಿನ ಮುಂದಿನ ಸಾಲುಗಳಷ್ಟೇ ಕಪ್ಪಗೆ. ಅವಳು ತನ್ನ ಲ್ಯಾಪ್‌ಟಾಪನ್ನು ಅವನ ಕಡೆಗೆ ತಿರುಗಿಸಿದಳು. ಅಲ್ಲೂ ಆ ಸಾಲಿತ್ತು, ಅಂಕಿ ಇಲ್ಲದೆ. ಕೆಂಪಗಿತ್ತು. ಅದರ ನಡುವೆ ಈ ತುದಿಯಿಂದ ಆ ತುದಿಗೆ ಅಡ್ಡಗೆರೆ ಎಳೆದಿತ್ತು. ಪಕ್ಕದ ಅಂಚಿನಲ್ಲಿ ಅವಳು ಅದನ್ನು ಹೊಡೆದುಹಾಕಿದ ತಾರೀಖಿತ್ತು. ಅವನು ಮೊದಲ ಕರಡು ಕಳಿಸಿದ ಮರುದಿನ.

"ನಾನು ಬದಲಾಯಿಸಿದ್ದೆಲ್ಲ ನಿನಗೆ ಕಾಣಲಿ ಅಂತ ಗುರುತು ಇಟ್ಟು ಕಳಿಸ್ತಿದ್ದೆ," ಅಂದಳು. "ಹೇಳಿದ್ದೆ ನಿನಗೆ."

"ಹೇಳಿದ್ದೆ."

"ಕಾಣ್ತಿರಲಿಲ್ವಾ?"

"ಗೆರೆ ಕಾಣ್ತಿರಲಿಲ್ಲ."

"ನಿಂದು ಹಳೇದು. ಗೆರೆ ಬಚ್ಚಿಟ್ಟು ಅಕ್ಷರ ಮಾತ್ರ ತೋರಿಸಿದೆ."

"ಹೂಂ."

ಒಳಗಿನ ಕೋಣೆಯಲ್ಲಿ ಮಗಳು ಏನನ್ನೋ ಬೀಳಿಸಿ, "ಏನೂ ಆಗಿಲ್ಲ!" ಎಂದು ಕೂಗಿದಳು. ಇಬ್ಬರೂ ಆ ಕಡೆ ನೋಡಿದರು, ಮತ್ತೆ ಪರದೆಗಳನ್ನು ನೋಡಿದರು.

"ಇಷ್ಟು ದಿನಾನೂ ಇದೆ ಅಂದ್ಕೊಂಡಿದ್ಯಾ?" ಎಂದು ಕೇಳಿದಳು ಅವಳು.

ಅವನು ಸಾಲಿನ ಕೊನೆಗೆ ಕರ್ಸರ್ ಒಯ್ದು ಅಳಿಸತೊಡಗಿದ. ಒಂದೇ ಏಟಿಗೆ ಅಳಿಸಬಹುದಿತ್ತು. ಒಂದೊಂದೇ ಅಕ್ಷರ ಅಳಿಸಿದ. ಇರತಕ್ಕದ್ದು ಹೋಯಿತು, ಬಳಿಯೇ ಹೋಯಿತು, ಪಕ್ಷದವರು ಹೋದರು. ಸಾಲು ಖಾಲಿಯಾದ ಕೂಡಲೇ ಕೆಳಗಿನ ಷರತ್ತು ಮೇಲಕ್ಕೆ ಸರಿಯಿತು, ಎಂಟು ಏಳಾಯಿತು, ಒಂಬತ್ತು ಎಂಟಾಯಿತು, ಚೌಕವಿದ್ದ ಕಡೆ ಒಂಬತ್ತು ಬಂದು ಕೂತಿತು. ಕೊನೆಯವರೆಗೂ ಎಲ್ಲ ಅಂಕಿಗಳೂ ತಮ್ಮತಮ್ಮ ಜಾಗದಲ್ಲಿದ್ದವು. ಎರಡೂ ಪರದೆಗಳಲ್ಲಿ ಅವು ಒಂದೇ ಥರ ಕಂಡದ್ದು ಅದೇ ಮೊದಲು.

"ಸರಿಯಾಯ್ತು," ಅಂದ.

"ಇನ್ನು ಪಿಡಿಎಫ್ ಮಾಡಿಬಿಡೋಣ. ಆಮೇಲೆ ಏನೂ ಅಲ್ಲಾಡಲ್ಲ."

"ಮಾಡು."

ಅವಳು ಮಾಡಿದಳು. ಉಳಿದದ್ದನ್ನು ಅದರಲ್ಲೇ ಓದಿ ಮುಗಿಸಿದರು. ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವನು ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿದ, ವೈರು ಸುತ್ತಿದ, ಲೋಟವನ್ನು ಒಯ್ದು ತೊಳೆಯುವ ಕಡೆ ಇಟ್ಟುಬಂದ. ಮಗಳ ಕೋಣೆಗೆ ಇಣುಕಿ ಅವಳ ತಲೆಯ ಮೇಲೆ ಕೈಯಿಟ್ಟ. ಅವಳು ನೀಲಿ ದಾರದಿಂದ ಪೆನ್ಸಿಲಿಗೂ ರಬ್ಬರಿಗೂ ಗಂಟು ಹಾಕುತ್ತಿದ್ದಳು. ತಲೆಯೆತ್ತದೆ, "ಮುಗೀತಾ ಓದಿದ್ದು?" ಅಂದಳು. ಮುಗೀತು ಅಂದ.

ಬಾಗಿಲ ಹತ್ತಿರ ಬಂದು ಜೇಬಿನಿಂದ ಕೀಲಿಕೈ ತೆಗೆದು ಚಪ್ಪಲಿ ಗೂಡಿನ ಮೇಲೆ ಇಟ್ಟ. ಸದ್ದಾಗಬಾರದೆಂದು ಮೆಲ್ಲಗೆ ಇಟ್ಟರೂ ಸದ್ದಾಯಿತು. ಅವಳು ಹಿಂದೆಯೇ ಬಂದಿದ್ದಳು. ಕೀಲಿಕೈಯನ್ನೂ ಅವನ ತೋಳಿನ ಮೇಲಿದ್ದ ಸೀಮೆಸುಣ್ಣದ ಕಲೆಯನ್ನೂ ನೋಡಿದಳು. ಅದನ್ನು ಒರೆಸಲೆಂದು ಅರ್ಧ ಎತ್ತಿದ ಕೈಯನ್ನು ಕೆಳಗಿಳಿಸಿದಳು.

"ಪರವಾಗಿಲ್ಲ, ಇಟ್ಕೋ," ಅಂದಳು. "ಪತ್ರದಲ್ಲಿ ಬೇಡ ಅಂದೆ ಅಷ್ಟೆ. ಹಾಗೇ ನಿನ್ನ ಹತ್ರ ಇದ್ರೆ ಇರಲಿ."

ಅವನು ಬಗ್ಗಿ ಶೂ ಹಾಕಿಕೊಳ್ಳುತ್ತಿದ್ದ. ಒಂದು ಕಾಲಿನ ಲೇಸು ಕಟ್ಟಿದ, ಇನ್ನೊಂದನ್ನೂ ಕಟ್ಟಿದ. ಅವಳು ಕೀಲಿಕೈಯನ್ನು ಎತ್ತಿ, ಅಂಗೈಯಲ್ಲಿಟ್ಟು, ಅವನ ಮುಂದೆ ಚಾಚಿ ನಿಂತಿದ್ದಳು.

"ತಗೋ."

"ಬೇಡ," ಅಂದ.